ಇಲ್ಲ ಎನ್ನಲು ಬಾರದ ಯಂತ್ರಗಳು

ಕಾಲೇಜಿನ ಹದಿನಾರು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಕೊಡುವುದೆಂದು ತೀರ್ಮಾನವಾದಾಗ ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಅವು ನನಗೆ ಬೇಕು ಎಂದೆ.

"ಎಂತ ಮಾಡ್ತೀರಿ ಮೇಡಂ ಅದನ್ನು? ಆನ್ ಆಗುವುದೇ ಕಷ್ಟ ಉಂಟು."

"ಸಂಶೋಧನೆ ಮಾಡ್ತೇನೆ ಸರ್."

ಆ ಮಾತು ಹೇಳುವಾಗ ನನಗಿದ್ದ ಜಂಬ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಎರಡು ಸಾವಿರದ ಆಚೀಚೆಯ ದಿನಗಳು. ನಾನು ಮೂಡುಬಿದಿರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್. ಬೆಳಿಗ್ಗೆ ಬಂಟ್ವಾಳದ ಬಿ.ಸಿ. ರೋಡಿನಿಂದ ಸಿದ್ಧಕಟ್ಟೆ ದಾರಿಯಾಗಿ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಪಿಎಚ್‌ಡಿ ಇಲ್ಲದವರು ಲೆಕ್ಚರರಾಗಿಯೇ ಮುದುಕರಾಗಬೇಕು ಎಂಬ ಗುಸುಗುಸು ಸ್ಟಾಫ್ ರೂಮಿನಲ್ಲಿ ಶುರುವಾಗಿತ್ತು. ನಾನು ಪಿಎಚ್‌ಡಿಗೆ ರಿಜಿಸ್ಟರ್ ಮಾಡಿಸಿದ್ದು ಆ ಹೆದರಿಕೆಯಿಂದ ಎಂದೇ ಎಲ್ಲರೂ ತಿಳಿದಿದ್ದರು. ತಿಳಿದುಕೊಳ್ಳಲಿ ಎಂದು ಬಿಟ್ಟೆ. ನಿಜ ಹೇಳಿದರೆ ನಗುತ್ತಿದ್ದರು. ವರ್ಷಗಟ್ಟಲೆ ಯಾರೋ ಯೋಚಿಸಿದ್ದನ್ನು ಬೋರ್ಡಿಗೆ ಬರೆದು, ಅಳಿಸಿ, ಮತ್ತೆ ಬರೆದು ನನಗೆ ಸಾಕಾಗಿತ್ತು. ನಾನೇ ಯೋಚಿಸಿದ, ನಾನೇ ಕಟ್ಟಿದ, ಸರಿಯಾಗಿ ನಡೆಯುವ ಒಂದು ಕೆಲಸ ಈ ಜನ್ಮದಲ್ಲಿ ಬೇಕಿತ್ತು. ಒಂದೇ ಒಂದು. ಅದಕ್ಕೆ ವಿಶ್ವವಿದ್ಯಾಲಯ ಆರು ವರ್ಷದ ಅವಧಿ ಕೊಟ್ಟಿತ್ತು.

ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಹತ್ತು ಹದಿನಾರು ಸಾಧಾರಣ ಕಂಪ್ಯೂಟರುಗಳನ್ನು ಕೇಬಲಿನಿಂದ ಜೋಡಿಸಿ, ಒಂದು ದೊಡ್ಡ ಲೆಕ್ಕವನ್ನು ತುಂಡು ಮಾಡಿ ಹಂಚಿದರೆ, ಎಲ್ಲವೂ ಸೇರಿ ಒಂದು ದೊಡ್ಡ ಕಂಪ್ಯೂಟರಿನ ಕೆಲಸ ಮಾಡುತ್ತವೆ. ಆ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಹಂಚಿಕೊಂಡು ಮಾಡುವ ಕೆಲಸವಾದ್ದರಿಂದ ಅವು ಒಂದಕ್ಕೊಂದು ಸಂದೇಶ ಕಳಿಸುತ್ತಲೇ ಇರಬೇಕು, ಅದೂ ಬಹಳ ಬೇಗ. ರೂಢಿಯ ಕ್ರಮದಲ್ಲಿ ಎರಡು ಯಂತ್ರಗಳು ಮಾತಾಡುವ ಮೊದಲು ಸಂಪರ್ಕ ಕಟ್ಟಿಕೊಳ್ಳುತ್ತವೆ. ಇದ್ದೀಯಾ, ಇದ್ದೇನೆ, ಶುರು ಮಾಡಲಾ, ಮಾಡು. ಆಮೇಲೆ ಮಾತು ಮುಗಿಯುವವರೆಗೆ ಎರಡೂ ಒಂದನ್ನೊಂದು ನೆನಪಿಟ್ಟುಕೊಂಡಿರಬೇಕು. ಹದಿನಾರರಲ್ಲಿ ಪ್ರತಿಯೊಂದೂ ಉಳಿದ ಹದಿನೈದರ ಜೊತೆ ಹೀಗೆ ನಂಟಸ್ತಿಕೆ ಇಟ್ಟುಕೊಂಡರೆ ಉಪಚಾರದಲ್ಲೇ ಹೊತ್ತು ಹೋಗುತ್ತದೆ. ಸಾವಿರ ಯಂತ್ರಗಳಾದರೆ ಕೇಳುವುದೇ ಬೇಡ. ಇನ್ನೊಂದು ಕ್ರಮದಲ್ಲಿ ಸಂಪರ್ಕವೇ ಇಲ್ಲ. ವಿಳಾಸ ಬರೆದು ಎಸೆದರಾಯಿತು. ವೇಗವೇನೋ ಇದೆ, ಆದರೆ ಸಂದೇಶ ಮುಟ್ಟಿತೋ ದಾರಿಯಲ್ಲಿ ಬಿತ್ತೋ ಕೇಳುವವರಿಲ್ಲ. ನನಗೆ ಬೇಕಾಗಿದ್ದದ್ದು ಎರಡೂ: ಸಂಪರ್ಕ ಕಟ್ಟುವ ಉಪಚಾರ ಇರಬಾರದು, ಒಂದು ಸಂದೇಶವೂ ಕಳೆದುಹೋಗಬಾರದು.

ಇದರ ಉಪಾಯ ಹೊಳೆದದ್ದು ಅಪ್ಪನ ಅಂಗಡಿಯಲ್ಲಿ. ಬಿ.ಸಿ. ರೋಡಿನ ಬಸ್‌ಸ್ಟಾಪಿನ ಪಕ್ಕ ಅಪ್ಪನಿಗೆ ಬಾಳೆಹಣ್ಣು, ಬೀಡಿ, ಸೋಡಾ ಮಾರುವ ಸಣ್ಣ ಅಂಗಡಿ ಇತ್ತು. ನಾನು ಓದುತ್ತಿದ್ದ ತೊಂಬತ್ತರ ದಶಕದ ಆರಂಭದಲ್ಲಿ ಮಂಗಳೂರಿನಿಂದ ಸುತ್ತಲಿನ ಹಳ್ಳಿಗಳಿಗೆ ಏನು ಬರಬೇಕಾದರೂ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದರು. ರಿಪೇರಿಯಾದ ಕನ್ನಡಕ, ಪಂಪಿನ ವಾಷರು, ಮದುವೆ ಕಾಗದದ ಕಟ್ಟು, ಗಲ್ಫಿನಿಂದ ರಜೆಗೆ ಬಂದ ಯಾರೋ ಇನ್ಯಾರದೋ ಮನೆಗೆಂದು ತಂದ ಹಾಲಿನ ಪುಡಿಯ ಡಬ್ಬ. ಬೆಳ್ತಂಗಡಿ, ಚಾರ್ಮಾಡಿ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರು ಫುಟ್‌ಬೋರ್ಡಿನಿಂದ ಬಾಗಿ "ಅಣ್ಣಾ" ಎಂದು ಒಂದು ಕೂಗು ಹಾಕಿ ಕಟ್ಟೊಂದನ್ನು ಅಂಗಡಿಯ ಹಲಗೆಯ ಮೇಲೆ ಇಡುತ್ತಿದ್ದ. ಅಪ್ಪ ಗಿರಾಕಿಯ ಮುಖದಿಂದ ಕಣ್ಣು ತೆಗೆಯದೆ ಬಲಗೈ ಎತ್ತುತ್ತಿದ್ದರು. "ರೈಟ್, ಪೋಯಿ!" ಎಂದು ಬಸ್ಸು ಹೊರಡುತ್ತಿತ್ತು. ರಶೀದಿಯಿಲ್ಲ, ಸಹಿಯಿಲ್ಲ, ಕುಶಲ ವಿಚಾರಣೆಯಿಲ್ಲ. ಕಳಿಸಿದವರಿಗೆ ಅಪ್ಪನ ಪರಿಚಯವಿರಬೇಕೆಂದೂ ಇಲ್ಲ. ಆದರೂ ವಸ್ತು ಅಂಗಡಿಗೆ ಬಂದು ಕೇಳಿದವರ ಕೈಗೆ ಮುಟ್ಟುತ್ತಿತ್ತು.

ನಾನು ಕಟ್ಟಿದ್ದು ಇದನ್ನೇ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ. ಸಂದೇಶ ಮುಟ್ಟಿದ ಯಂತ್ರ ತಕ್ಷಣ "ಸಿಕ್ಕಿತು" ಎಂದು ಒಂದು ಪುಟ್ಟ ಮರುಸಂದೇಶ ಕಳಿಸಬೇಕು. ಗೊತ್ತುಪಡಿಸಿದ ಹೊತ್ತಿನೊಳಗೆ ಅದು ಬಾರದಿದ್ದರೆ ಕಳಿಸಿದವನು ಇನ್ನೊಮ್ಮೆ ಕಳಿಸುತ್ತಾನೆ, ಅದೇ ಸಂಖ್ಯೆ ಎರಡು ಸಲ ಬಂದರೆ ಪಡೆದವನು ಎರಡನೆಯದನ್ನು ಬಿಸಾಡುತ್ತಾನೆ. ವೇಗದ ಗುಟ್ಟೆಲ್ಲ "ಸಿಕ್ಕಿತು" ಎಂದು ಯಾರು, ಯಾವಾಗ ಹೇಳಬೇಕು ಎಂಬುದರಲ್ಲಿತ್ತು. ಸಂದೇಶವನ್ನು ಉಪಯೋಗಿಸುವ ಪ್ರೋಗ್ರಾಮು ಎದ್ದು ಬಂದು ತೆಗೆದುಕೊಳ್ಳುವವರೆಗೆ ನಾನು ಕಾಯಲಿಲ್ಲ. ಕೇಬಲು ಬಂದು ಸೇರುವ ನೆಟ್‌ವರ್ಕ್ ಕಾರ್ಡಿನ ಬಾಗಿಲಿಗೆ ಬಂದ ಕೂಡಲೇ ಕೈ ಎತ್ತಿಬಿಡುವ ಹಾಗೆ ಬರೆದೆ.

ಕಾಲೇಜಿನವರು ಜನರೇಟರ್ ಕೋಣೆಯ ಹಿಂದಿನ ಒಂದು ಉಗ್ರಾಣ ಕೊಟ್ಟರು. ಹದಿನಾರು ಯಂತ್ರಗಳನ್ನು ಬೆಂಚುಗಳ ಮೇಲೆ ಸಾಲಾಗಿ ಇಟ್ಟೆ. ನಾಲ್ಕನೆಯದರ ಒಳಗೆ ಹಲ್ಲಿ ಸತ್ತು ಒಣಗಿತ್ತು. ಒಂಬತ್ತನೆಯದು ಪಕ್ಕಕ್ಕೆ ಒಂದು ಪೆಟ್ಟು ಕೊಟ್ಟರೆ ಮಾತ್ರ ಏಳುತ್ತಿತ್ತು. ಏಪ್ರಿಲಿನಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಪ್ಪಾದರೆ, ಪಾಠ ಮಾಡುತ್ತಿದ್ದವಳು ಸೀಮೆಸುಣ್ಣ ಕೆಳಗಿಟ್ಟು ಓಡಿ ಬಂದು ಎಲ್ಲ ಕೇಬಲುಗಳನ್ನು ಕಿತ್ತು ಹಾಕಬೇಕಿತ್ತು. ಒಂದು ಸಲ ತಡವಾಯಿತು. ಒಂದೇ ಸಿಡಿಲಿಗೆ ಐದು ಕಾರ್ಡುಗಳು, ಎಲ್ಲವನ್ನೂ ಜೋಡಿಸುವ ಸ್ವಿಚ್ಚು, ನನ್ನ ಒಂದು ಸೆಮಿಸ್ಟರು ಸುಟ್ಟುಹೋದವು. ಕ್ಲಾಸಿನಲ್ಲಿ ಬೀದರ್, ಬಳ್ಳಾರಿ ಕಡೆಯ ಮಕ್ಕಳು ಮೋಡ ನೋಡಿದರೆ ಸಾಕು, "ಮೇಡಂ, ಓಡ್ರಿ" ಎಂದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಆ ವರ್ಷಗಳಲ್ಲಿ ನಾನು ಸುಖವಾಗಿದ್ದೆ ಎಂದು ಈಗ ಅನ್ನಿಸುತ್ತದೆ.

ನಾಲ್ಕನೆಯ ವರ್ಷ ಫಲಿತಾಂಶಗಳು ಬಂದವು. ಒಂದು ಯಂತ್ರದಿಂದ ಇನ್ನೊಂದಕ್ಕೆ ಲಕ್ಷಗಟ್ಟಲೆ ಸಂದೇಶ ಕಳಿಸಿ, ಎಷ್ಟಕ್ಕೆ "ಸಿಕ್ಕಿತು" ಬಂತು ಎಂದು ಎಣಿಸುತ್ತಿದ್ದೆ. ಎಲ್ಲದಕ್ಕೂ ಬರುತ್ತಿತ್ತು. ಬೇಕೆಂದೇ ಕೇಬಲು ಎಳೆದು ಮತ್ತೆ ಸಿಕ್ಕಿಸಿದರೂ ಕೊನೆಗೆ ಲೆಕ್ಕ ಸರಿ. ರೂಢಿಯ ಕ್ರಮಕ್ಕಿಂತ ವೇಗವೂ ಹೆಚ್ಚು. ನನ್ನ ಸಂಶೋಧನೆಯ ಗೈಡ್ ಎಂದರೆ ನನಗೆ ಬಿಇಯಲ್ಲಿ ಪಾಠ ಹೇಳಿದ್ದ ಸರ್; ನಿವೃತ್ತರಾಗಿ ಬೆಳ್ತಂಗಡಿಯಲ್ಲಿದ್ದರು. ನಕ್ಷೆಗಳನ್ನು ಅವರಿಗೆ ತೋರಿಸಿದಾಗ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಒಳ್ಳೆದಾಯ್ತು ನೋಡು. ನಮ್ಮ ಊರಿನಲ್ಲೂ ಮಾಡ್ಲಿಕ್ಕೆ ಆಗ್ತದೆ ಅಂತ ಆಯ್ತಲ್ಲ" ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳೋಣ ಅನ್ನಿಸುವಷ್ಟು ಸಂತೋಷ.

ಐದನೆಯ ವರ್ಷ ಸರ್ ಒಂದು ಮಾತು ಹೇಳಿದರು: ಬರೀ ಸಂದೇಶ ಎಣಿಸಿದರೆ ಸಾಲದು, ಒಂದು ನಿಜವಾದ ಲೆಕ್ಕ ಮಾಡಿಸಿ ತೋರಿಸು. ನ್ಯಾಯವಾದ ಮಾತು. ದೊಡ್ಡ ದೊಡ್ಡ ಅಂಕಿಪಟ್ಟಿಗಳನ್ನು ಗುಣಿಸುವ ಒಂದು ಲೆಕ್ಕವನ್ನು ಹದಿನಾರು ಯಂತ್ರಗಳಿಗೆ ಹಂಚಿ ಓಡಿಸಿದೆ. ಸ್ವಲ್ಪ ದೂರ ಓಡಿ ನಿಂತುಬಿಟ್ಟಿತು. ದೋಷದ ಸೂಚನೆ ಇಲ್ಲ, ಏನೂ ಇಲ್ಲ. ಇನ್ನೊಮ್ಮೆ ಓಡಿಸಿದೆ. ಈ ಸಲ ಬೇರೊಂದು ಜಾಗದಲ್ಲಿ ನಿಂತಿತು.

ಮೊದಲು ಒಂಬತ್ತನೆಯ ಯಂತ್ರವನ್ನು ಬೈದೆ. ಆಮೇಲೆ ಸಿಡಿಲನ್ನು, ಸ್ವಿಚ್ಚನ್ನು, ಕರೆಂಟಿನವರನ್ನು. ಬೈಯಲು ಯಾರೂ ಉಳಿಯದಿದ್ದಾಗ, ನಿಂತುಹೋದ ಯಂತ್ರಗಳ ಒಳಗೆ ಏನಾಗಿದೆ ಎಂದು ಒಂದೊಂದಾಗಿ ತೆರೆದು ನೋಡಿದೆ. ಹನ್ನೆರಡನೆಯದು ಐದನೆಯದರಿಂದ ಬರಬೇಕಾದ ಒಂದು ತುಂಡಿಗಾಗಿ ಕಾಯುತ್ತಿತ್ತು. ಐದನೆಯದರಲ್ಲಿ ನೋಡಿದರೆ ಆ ತುಂಡನ್ನು ಯಾವಾಗಲೋ ಕಳಿಸಿಯಾಗಿದೆ, "ಸಿಕ್ಕಿತು" ಎಂಬ ಉತ್ತರವೂ ಬಂದಿದೆ, ಅದು ನಿಶ್ಚಿಂತೆಯಿಂದ ಕೂತಿದೆ. ಒಂದು ಕಾಯುತ್ತಿದೆ, ಇನ್ನೊಂದು ಮುಟ್ಟಿತೆಂದು ನಂಬಿದೆ. ಹಾಗೇ ಬಿಟ್ಟರೆ ಕರೆಂಟು ಹೋಗುವವರೆಗೆ ಅವು ಹಾಗೇ ಇರುತ್ತಿದ್ದವು.

ಇಷ್ಟು ವರ್ಷ ನಾನು ಎಣಿಸಿದ್ದು ಕಳಿಸಿದವನ ಕಡೆಯಿಂದ ಮಾತ್ರ. ಪಡೆದವನ ಕಡೆ ಕೂತು ಎಣಿಸಿರಲೇ ಇಲ್ಲ. ಅವತ್ತು ಎಣಿಸಿದೆ. ಕೆಲಸ ಕಡಿಮೆ ಇದ್ದಾಗ ಎರಡೂ ಕಡೆಯ ಲೆಕ್ಕ ತಾಳೆಯಾಗುತ್ತಿತ್ತು. ನಾಲ್ಕಾರು ಯಂತ್ರಗಳು ಒಟ್ಟಿಗೆ ಒಂದರ ಮೇಲೆ ಮುಗಿಬಿದ್ದಾಗ ಕಡಿಮೆ ಬೀಳುತ್ತಿತ್ತು. ಹೆಚ್ಚೇನಲ್ಲ, ಸಾವಿರಕ್ಕೆ ಎರಡೋ ಮೂರೋ. ಕಾರಣ ಹುಡುಕಲು ವಾರವೂ ಬೇಕಾಗಲಿಲ್ಲ. ಬಂದ ಸಂದೇಶಗಳು ಪ್ರೋಗ್ರಾಮು ತೆಗೆದುಕೊಳ್ಳುವವರೆಗೆ ಕೂರಲು ಪ್ರತಿ ಯಂತ್ರದಲ್ಲೂ ಒಂದಿಷ್ಟು ಜಾಗ ಇರುತ್ತದೆ. ಅದು ತುಂಬಿದ ಮೇಲೂ ನನ್ನ ಯಂತ್ರ ಕೈ ಎತ್ತುತ್ತಿತ್ತು. "ಸಿಕ್ಕಿತು" ಎಂದು ಹೇಳಿ, ಇಡಲು ಸ್ಥಳವಿಲ್ಲದೆ ಸಂದೇಶವನ್ನು ಕೆಳಗೆ ಹಾಕುತ್ತಿತ್ತು. "ಜಾಗ ಇಲ್ಲ" ಎಂದು ಹೇಳುವ ಸಂದೇಶವನ್ನೇ ನಾನು ಬರೆದಿರಲಿಲ್ಲ. ಸಾವಿರಾರು ಸಾಲು ಬರೆದವಳಿಗೆ ಅದೊಂದು ಹೊಳೆದಿರಲಿಲ್ಲ.

ಆ ಭಾನುವಾರ ಅಪ್ಪನನ್ನು ಕೇಳಿದೆ. ಅಷ್ಟರಲ್ಲಿ ಮೊಬೈಲು, ಕೊರಿಯರು ಬಂದು ಅಂಗಡಿಗೆ ಬರುವ ಕಟ್ಟುಗಳು ಕಡಿಮೆಯಾಗಿದ್ದವು.

"ಆಗ ಅಂಗಡಿ ತುಂಬಿ, ಇಡ್ಲಿಕ್ಕೆ ಜಾಗ ಇಲ್ಲದಿದ್ರೆ ಎಂತ ಮಾಡ್ತಿದ್ರಿ?"

ಅಪ್ಪನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಜಾಗ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ ಮಾರಾಯ್ತಿ? ಬಸ್ಸು ನಿಂತಿರ್ತದಲ್ಲ!"

"ಮತ್ತೆ ಎಲ್ಲಿ ಇಡ್ತಿದ್ರಿ?"

"ಪಕ್ಕದ ಹೋಟೆಲಿನಲ್ಲಿ ಇಡುವುದು. ಬ್ಯಾರಿಗಳ ಜವಳಿ ಅಂಗಡಿ ಉಂಟಲ್ಲ, ಅಲ್ಲಿ ಇಡುವುದು. ಅಲ್ಲಿಯೂ ಆಗದಿದ್ರೆ ಮನೆಗೆ ತರುವುದು. ನಿನ್ನ ಮಂಚದ ಅಡಿಯಲ್ಲಿ ಎಷ್ಟು ಸಲ ಇಟ್ಟಿಲ್ಲ?"

ಹೌದು, ಇಟ್ಟಿದ್ದರು. ಒಂದು ಮಳೆಗಾಲವಿಡೀ ಯಾರದೋ ಗ್ರೈಂಡರು ನನ್ನ ಮಂಚದ ಕೆಳಗಿತ್ತು. ನಾನು ನೋಡಿದ್ದು ಕೈ ಎತ್ತುವುದನ್ನು ಮಾತ್ರ. ಕೈ ಎತ್ತಿದ ಮೇಲೆ ಆ ಮನುಷ್ಯ ಪಡುತ್ತಿದ್ದ ಪಾಡು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬಂದದ್ದಕ್ಕೆ ಇಲ್ಲ ಎನ್ನದ ಮನೆಯಲ್ಲಿ ಬೆಳೆದವಳು, ಇಲ್ಲ ಎನ್ನಲು ಬಾರದ ಯಂತ್ರಗಳನ್ನು ಮಾಡಿಟ್ಟಿದ್ದೆ. ಅವುಗಳಿಗೆ ಪಕ್ಕದ ಹೋಟೆಲೂ ಇರಲಿಲ್ಲ, ಮಂಚವೂ ಇರಲಿಲ್ಲ.

ಸರಿಪಡಿಸೋಣವೆಂದು ಕೂತೆ. ತುಂಬಿದಾಗ "ಜಾಗ ಇಲ್ಲ" ಎಂದು ಹೇಳುವ ಹಾಗೆ ಮಾಡಿದೆ. ಕಳಿಸಿದವರು ಮತ್ತೆ ಕಳಿಸಿದರು, ಮತ್ತೆ ಇಲ್ಲ ಎಂದಿತು, ಎಲ್ಲರೂ ಒಟ್ಟಿಗೆ ಮತ್ತೆ ಮತ್ತೆ ಕಳಿಸಿ ಇಡೀ ಜಾಲವೇ ಕಟ್ಟಿಕೊಂಡು ನಿಂತಿತು. ರೂಢಿಯ ಕ್ರಮಕ್ಕಿಂತ ನಿಧಾನವಾಯಿತು. ಸರಿ, ಮೊದಲೇ ಪ್ರತಿಯೊಬ್ಬರಿಗೂ ಇಷ್ಟಿಷ್ಟು ಜಾಗ ಎಂದು ಮೀಸಲಿಟ್ಟರೆ? ಆಗ ಯಾರಿಗೆ ಎಷ್ಟು ಕೊಟ್ಟೆ, ಎಷ್ಟು ಉಳಿಯಿತು ಎಂದು ಪ್ರತಿಯೊಂದು ಯಂತ್ರವೂ ಉಳಿದ ಹದಿನೈದರ ಬಗ್ಗೆ ನೆನಪಿಟ್ಟುಕೊಳ್ಳಬೇಕು. ಅದು ಸಂಪರ್ಕವೇ. ಯಾವುದನ್ನು ಬೇಡವೆಂದು ಹೊರಟಿದ್ದೆನೋ ಅದೇ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕೂತಿತು. ಒಂದು ವರ್ಷ ಈ ಎರಡರ ನಡುವೆ ಓಡಾಡಿದೆ. ಈ ನಡುವೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ವಿದೇಶದವರ ಒಂದು ಲೇಖನ ಪ್ರಿಂಟು ತೆಗೆಸಿ ಓದಿದೆ. ದುಬಾರಿ ಕಾರ್ಡುಗಳನ್ನು ಬಳಸಿ ಅವರು ನನಗೆ ಬೇಕಾಗಿದ್ದನ್ನೇ ಮಾಡಿ ಮುಗಿಸಿದ್ದರು. ಪಡೆಯುವವನ ಜಾಗ ತುಂಬಿದರೆ ಏನು ಮಾಡಬೇಕು ಎಂಬ ಪ್ರಶ್ನೆಯಿಂದಲೇ ಅವರ ಲೇಖನ ಶುರುವಾಗುತ್ತಿತ್ತು. ಮೊದಲ ಪುಟದಲ್ಲೇ. ಆ ಕಾಗದಗಳನ್ನು ಮಡಿಚಿ ಬ್ಯಾಗಿಗೆ ಹಾಕಿ, ಸಿದ್ಧಕಟ್ಟೆ ಬರುವವರೆಗೆ ಕಿಟಕಿಗೆ ಮುಖ ಮಾಡಿ ಅತ್ತೆ.

ಅವಧಿ ಮುಗಿಯಲು ಎರಡು ತಿಂಗಳಿದೆ ಎನ್ನುವಾಗ ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗಿ ಸರ್‌ಗೆ ಎಲ್ಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ಇದನ್ನು ಮತ್ತೆ ಯಾರಿಗೆಲ್ಲ ಹೇಳಿದ್ದಿ?"

"ಯಾರಿಗೂ ಹೇಳ್ಲಿಲ್ಲ ಸರ್. ಇದು ಆಗುವುದಿಲ್ಲ. ನಾನು ಬಿಡ್ತೇನೆ."

"ಬಿಟ್ಟು ಎಂತ ಮಾಡ್ತೀ? ಆರು ವರ್ಷ ಹೋಯ್ತು. ನನಗೂ ಈಗ ಕಣ್ಣು ಕಾಣುವುದಿಲ್ಲ, ಇನ್ನೊಮ್ಮೆ ಶುರು ಮಾಡುವ ಅಂದ್ರೆ ನಾನು ಇರ್ತೇನಾ?" ಕನ್ನಡಕ ತೆಗೆದು ಒರೆಸಿಕೊಂಡು, "ಒಂದು ಕೆಲಸ ಮಾಡು. ಪ್ರಬಂಧದ ಕೊನೆಯಲ್ಲಿ 'ಮಿತಿಗಳು' ಅಂತ ಒಂದು ಪುಟ ಇರ್ತದಲ್ಲ, ಅದರಲ್ಲಿ ಬರೆ. ಬರೆದರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ" ಎಂದರು.

ಬರೆದೆ. ಮುಚ್ಚುಮರೆ ಮಾಡಲಿಲ್ಲ. ಪಡೆಯುವ ಯಂತ್ರದ ಜಾಗ ತುಂಬಿದಾಗ, ಮುಟ್ಟಿತೆಂದು ಈ ಕ್ರಮ ಹೇಳಿದ ಸಂದೇಶಗಳೂ ಕಳೆದುಹೋಗುತ್ತವೆ ಎಂದು ನೇರವಾಗಿ ಬರೆದೆ. ಇದನ್ನು ಓದಿದ ಯಾರಾದರೂ, ವಿಷಯ ತಿಳಿದವರು, ಪ್ರಬಂಧವನ್ನು ಮೇಜಿನ ಮೇಲೆ ಕುಕ್ಕಿ "ಹಾಗಾದರೆ ಇದರಲ್ಲಿ ಉಳಿದದ್ದೇನು?" ಎಂದು ಕೇಳಲೇಬೇಕು. ಹಾಗೆ ಕೇಳಲಿ ಎಂದೇ ನನ್ನ ಆಸೆಯಾಗಿತ್ತು. ಬೈಸಿಕೊಳ್ಳಲು ತಯಾರಿದ್ದೆ, ಫೇಲಾಗಲೂ ತಯಾರಿದ್ದೆ. ಆರು ವರ್ಷದ ನನ್ನ ತಪ್ಪನ್ನು ಒಬ್ಬನಾದರೂ ಪೂರ್ತಿ ತಿಳಿದು ತಪ್ಪು ಎಂದರೆ, ಆಗಲಾದರೂ ಆ ಕೆಲಸವನ್ನು ಯಾರೋ ಕೆಲಸವೆಂದು ನೋಡಿದ ಹಾಗಾಗುತ್ತಿತ್ತು.

ಪ್ರಬಂಧ ಓದಿದವರ ವರದಿಗಳು ಬಂದವು. ಕೆಲವು ಕಾಗುಣಿತದ ತಪ್ಪು, ಒಂದು ನಕ್ಷೆಗೆ ಹೆಸರಿಲ್ಲ, ಅಷ್ಟೇ. ಉಳಿದದ್ದು ವೈವಾ. ಅದು ನಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲೇ ನಡೆಯಿತು. ಪರೀಕ್ಷಕರು ಮೈಸೂರಿನ ಕಡೆಯಿಂದ ಹಿಂದಿನ ದಿನವೇ ಬಂದಿದ್ದರು. ಬಂದವರ ಊಟದ ವ್ಯವಸ್ಥೆ ವೈವಾ ಕೊಡುವವರದೇ ಎಂಬುದು ನಮ್ಮಲ್ಲಿ ರೂಢಿ. ಬೆಳಿಗ್ಗೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ, ಇಲ್ಲಿ ಒಳ್ಳೆ ಬಂಗುಡೆ ಮೀನು ಸಿಗುತ್ತಂತಲ್ಲ ಮೇಡಂ, ಎಂದು. ಸಿಗ್ತದೆ ಸರ್, ಹೇಳಿದ್ದೇನೆ ಎಂದೆ. ಊಟದ ನಂತರ ಅವರಿಗೆ ಸಾವಿರ ಕಂಬದ ಬಸದಿಯನ್ನೂ ನೋಡುವುದಿತ್ತು.

ನಾನು ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಯ ಸ್ಲೈಡಿನಲ್ಲಿ ಆ ಪುಟದಲ್ಲಿದ್ದದ್ದನ್ನೇ ದೊಡ್ಡಕ್ಷರದಲ್ಲಿ ಹಾಕಿ, ಬೇಕೆಂದೇ ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಪರೀಕ್ಷಕರು ಸ್ಲೈಡು ನೋಡಿದರು. ಎದುರಿಗಿದ್ದ ಪ್ರಬಂಧ ತೆರೆದು ಆ ಪುಟ ಹುಡುಕಿದರು. ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಮುಗಿಸಿ ಮೊದಲಿನಿಂದ ಇನ್ನೊಮ್ಮೆ ಓದಿದರು. ಅವರ ಹುಬ್ಬು ಗಂಟಿಕ್ಕಿತು. ಅವರಿಗೆ ತಿಳಿಯಿತು. ಅದರಲ್ಲಿ ನನಗೆ ಅನುಮಾನವೇ ಇಲ್ಲ, ಓದಿ ಅರ್ಥವಾದವರ ಮುಖವನ್ನು ಇಷ್ಟು ವರ್ಷ ಪಾಠ ಮಾಡಿದ ನಾನು ಬಲ್ಲೆ.

"ಇದು..." ಎಂದು ತಲೆ ಎತ್ತಿದರು.

ನಾನು ನೆಟ್ಟಗೆ ನಿಂತೆ. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅವರು ನನ್ನನ್ನು ನೋಡಿದರು. ನನ್ನ ರೇಷ್ಮೆ ಸೀರೆಯನ್ನು, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತ ಅಪ್ಪನನ್ನು, ತಮ್ಮ ಪಕ್ಕದಲ್ಲಿ ಮೇಜಿನ ಮೇಲೆ ಕಣ್ಣು ನೆಟ್ಟು ಕೂತ ಸರ್ ಅವರನ್ನು ನೋಡಿದರು. ಪ್ರಬಂಧ ಮುಚ್ಚಿದರು.

"ಮಿತಿಗಳನ್ನ ತುಂಬ ಪ್ರಾಮಾಣಿಕವಾಗಿ ಬರ್ದಿದ್ದೀರಿ ಮೇಡಂ. ಸಂತೋಷ" ಎಂದರು.

ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಅದು ಮಿತಿಯಲ್ಲ ಸರ್, ಇಡೀ ಕೆಲಸವೇ ಅಲ್ಲಿ ಬಿದ್ದುಹೋಗುತ್ತದೆ ಎಂದು ನಾನು ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಥ್ಯಾಂಕ್ಯೂ ಸರ್ ಎಂದೆ.

ಎಲ್ಲರೂ ಊಟಕ್ಕೆ ಎದ್ದರು. ಅಪ್ಪ ಸಿಕ್ಕಿದವರಿಗೆಲ್ಲ ಕೈ ಮುಗಿಯುತ್ತ ಓಡಾಡುತ್ತಿದ್ದರು. ಬಡಿಸುವವರು ಸಾಲದೆ ನಾನೇ ಸೆರಗು ಸಿಕ್ಕಿಸಿ ಮೀನಿನ ತಟ್ಟೆ ಹಿಡಿದು ಪರೀಕ್ಷಕರ ಎಲೆಯ ಮುಂದೆ ನಿಂತೆ. ಅವರು ನನ್ನ ಮುಖ ನೋಡಲಿಲ್ಲ.

"ಇನ್ನೊಂದು ಹಾಕ್ಲಾ ಸರ್?"

"ಹಾಕಿ ಡಾಕ್ಟ್ರೇ" ಎಂದರು. ನನ್ನನ್ನು ಹಾಗೆ ಕರೆದವರಲ್ಲಿ ಅವರೇ ಮೊದಲಿಗರು. ಹಾಕಿದೆ.